ಹವಾಮಾನದ ಚಿತ್ರಗಳನ್ನು ಓದುವ ಕ್ರಮ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಂಪು, ನೇರಳೆ ಬಣ್ಣ ಬಳಿದ ನಕಾಶೆಗಳು ಹರಿದಾಡತೊಡಗುತ್ತವೆ. ಅದು ಉಪಗ್ರಹ ತೆಗೆದ ಚಿತ್ರವೋ, ರಾಡಾರ್ ಕಂಡದ್ದೋ, ಕಂಪ್ಯೂಟರ್ ಹಾಕಿದ ಅಂದಾಜೋ, ಹವಾಮಾನ ಇಲಾಖೆಯ ಎಚ್ಚರಿಕೆಯೋ ಎಂದು ವಿಚಾರಿಸುವವರು ಕಡಿಮೆ. ಉಪಗ್ರಹ ಚಿತ್ರದಲ್ಲಿ ಕೆಂಪು ಎಂದರೆ ಮೋಡದ ನೆತ್ತಿ ಬಹಳ ತಣ್ಣಗಿದೆ ಎಂದರ್ಥ. ರಾಡಾರಿನಲ್ಲಿ ಅದೇ ಕೆಂಪು ದಪ್ಪ ಹನಿಗಳನ್ನು ತೋರಿಸುತ್ತದೆ. ಇಲಾಖೆಯ ನಕಾಶೆಯಲ್ಲಿ ಆಡಳಿತ ಕೂಡಲೇ ಕ್ರಮಕ್ಕೆ ಇಳಿಯಬೇಕು ಎಂದು ಹೇಳುತ್ತದೆ. ಯಾವ ಚಿತ್ರವೂ ನಿಮ್ಮ ಹೊಲದಲ್ಲಿ ಬೀಳುವ ಮಳೆಯನ್ನು ನೇರವಾಗಿ ತೋರಿಸುವುದಿಲ್ಲ. ಅದು ಅಳೆದದ್ದು ಬೇರೇನನ್ನೋ. ಅದರಿಂದ ಮಳೆಯನ್ನು ಊಹಿಸಿಕೊಳ್ಳುವ ಕೆಲಸ ನೋಡುವವರದು.

ಈ ಊಹೆ ನಮ್ಮ ಭಾಗದಲ್ಲಿ ತುಸು ಕಠಿಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ವಿಜಯಪುರ ಜಿಲ್ಲೆಯ ಇಂಡಿಯವರೆಗೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್ ಆಗುತ್ತದೆ. ಆ ಗೆರೆಯ ಒಂದು ತುದಿಯಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ, ಇನ್ನೊಂದು ತುದಿಯಲ್ಲಿ 600 ಮಿಲಿಮೀಟರಿನ ಆಸುಪಾಸು. ಘಟ್ಟಕ್ಕೆ ಹೊಂದುವ ಓದು ಎರೆಭೂಮಿಗೆ ಹೊಂದುವುದಿಲ್ಲ.

ಹಂತ 1: ಬಣ್ಣ ನೋಡುವ ಮೊದಲು ಗಡಿಯಾರ ನೋಡಿ

ಯಾವುದೇ ಚಿತ್ರ ಕೈಗೆ ಬಂದಾಗ ಮೊದಲು ಅದರ ಅಂಚಿನಲ್ಲಿರುವ ದಿನಾಂಕ ಮತ್ತು ವೇಳೆಯನ್ನು ಹುಡುಕಿ. ವೇಳೆಯ ಮುಂದೆ ಯುಟಿಸಿ ಅಥವಾ ಝಡ್ (ಎರಡೂ ವಿಶ್ವದ ಪ್ರಮಾಣ ವೇಳೆಯ ಗುರುತು) ಎಂದು ಬರೆದಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು: 0900 ಯುಟಿಸಿ ಎಂದರೆ ನಮ್ಮ ಮಧ್ಯಾಹ್ನದ 2.30. ವೇಳೆಯೇ ಇಲ್ಲದ ಚಿತ್ರವನ್ನು, ಅದು ಎಷ್ಟೇ ಭಯ ಹುಟ್ಟಿಸುವಂತಿದ್ದರೂ, ಬದಿಗಿಡುವುದು ಲೇಸು. ಹಿಂದಿನ ವರ್ಷದ ಚಂಡಮಾರುತದ ಚಿತ್ರ ಈ ವರ್ಷವೂ ಓಡಾಡುವುದು ಹೊಸದೇನಲ್ಲ. ಆಮೇಲೆ ಬಣ್ಣದ ಪಟ್ಟಿಯನ್ನು ನೋಡಿ, ಅದರ ಪಕ್ಕದ ಅಂಕಿಗಳು ಡಿಗ್ರಿಯಲ್ಲಿವೆಯೋ, ಮಿಲಿಮೀಟರಿನಲ್ಲಿವೆಯೋ, ಶೇಕಡಾವಾರಿನಲ್ಲಿವೆಯೋ ಗುರುತಿಸಿ. ಹೆಚ್ಚಿನ ತಪ್ಪು ತಿಳಿವಳಿಕೆಗಳು ಇಲ್ಲಿಯೇ ನಿವಾರಣೆಯಾಗುತ್ತವೆ.

ಹಂತ 2: ಉಪಗ್ರಹದ ಚಿತ್ರವನ್ನು ಎರಡು ಕಣ್ಣಿನಿಂದ ನೋಡಿ

ಭಾರತದ ಮೇಲಿನ ಮೋಡಗಳನ್ನು ಸದಾ ಗಮನಿಸಲು ಇಸ್ರೊ 2016ರಲ್ಲಿ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿಯಲ್ಲಿ ಇನ್ಸಾಟ್-3ಡಿಎಸ್ ಉಪಗ್ರಹಗಳನ್ನು ಹಾರಿಸಿತು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗದಲ್ಲಿಯೇ ಸುತ್ತುವುದರಿಂದ ಅವು ಒಂದೇ ಕಡೆ ನಿಂತಂತೆ ಕಾಣುತ್ತವೆ. ಒಂದೊಂದು ಉಪಗ್ರಹವೂ ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತದೆ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿಯೂ ಇಸ್ರೊದ ಮೊಸ್ಡ್ಯಾಕ್ ತಾಣದಲ್ಲಿಯೂ ಈ ಚಿತ್ರಗಳನ್ನು ಹಣ ಕೊಡದೆ ನೋಡಬಹುದು.

ಮೊದಲು ದೃಶ್ಯ ಬೆಳಕಿನ ಚಿತ್ರವನ್ನು ತೆರೆಯಿರಿ. ಇದು ಹಗಲಿನಲ್ಲಿ ಮಾತ್ರ ಸಿಗುವ, ಒಂದು ಕಿಲೋಮೀಟರಿನಷ್ಟು ಸೂಕ್ಷ್ಮ ವಿವರ ಕೊಡುವ ಚಿತ್ರ. ಇಲ್ಲಿ ದಟ್ಟ ಮೋಡ ಬೆಳ್ಳಗೆ, ತೆಳುಮೋಡ ಮಸುಕಾಗಿ ಕಾಣುತ್ತದೆ. ಸಂಜೆ ನಾಲ್ಕರ ಹೊತ್ತಿನ ಚಿತ್ರದಲ್ಲಿ ಎತ್ತರದ ಗುಡುಗು ಮೋಡಗಳು ಪೂರ್ವದ ಕಡೆಗೆ ನೆರಳು ಚೆಲ್ಲಿರುತ್ತವೆ. ಆ ನೆರಳಿನಿಂದಲೇ ಮೋಡ ಎಷ್ಟು ಎತ್ತರಕ್ಕೆ ಬೆಳೆದಿದೆ ಎಂಬ ಅಂದಾಜು ಸಿಗುತ್ತದೆ.

ಬಳಿಕ ಅದೇ ವೇಳೆಯ ಅವಕೆಂಪು ಚಿತ್ರವನ್ನು ತೆರೆಯಿರಿ. ಇದು ರಾತ್ರಿಯೂ ಸಿಗುತ್ತದೆ, ಏಕೆಂದರೆ ಇದು ಅಳೆಯುವುದು ಬೆಳಕನ್ನಲ್ಲ, ಮೋಡದ ನೆತ್ತಿಯಿಂದ ಹೊರಟ ಶಾಖವನ್ನು. ಮೇಲೆ ಹೋದಂತೆ ಗಾಳಿ ತಣ್ಣಗಾಗುವುದರಿಂದ ಎತ್ತರದ ಮೋಡ ತಣ್ಣಗಿರುತ್ತದೆ. ತಣ್ಣಗಿರುವುದನ್ನು ಬಿಳಿಯಾಗಿಯೂ, ಬಣ್ಣ ಹಚ್ಚಿದ ಚಿತ್ರದಲ್ಲಿ ಕೆಂಪಾಗಿ ಅಥವಾ ಕಪ್ಪಾಗಿಯೂ ತೋರಿಸುತ್ತಾರೆ. ನೆತ್ತಿಯ ಉಷ್ಣಾಂಶ ಶೂನ್ಯಕ್ಕಿಂತ 60 ಡಿಗ್ರಿ ಕೆಳಗೆ ಹೋಗಿದ್ದರೆ ಅದು ಬಲವಾದ ಗುಡುಗು ಮೋಡವಾಗಿರುವ ಸಂಭವ ಹೆಚ್ಚು.

ಈಗ ಎರಡನ್ನೂ ಜೋಡಿಸಿ ಓದಬೇಕು. ದೃಶ್ಯ ಚಿತ್ರದಲ್ಲಿ ಮಸುಕು, ಅವಕೆಂಪಿನಲ್ಲಿ ಬಿಳಿ ಎಂದಾದರೆ ಅದು ಮಳೆ ತಾರದ ಎತ್ತರದ ತೆಳುಮೋಡ. ಎರಡರಲ್ಲಿಯೂ ಬೆಳ್ಳಗಿದ್ದರೆ ಗುಡುಗು ಮೋಡ. ದೃಶ್ಯ ಚಿತ್ರದಲ್ಲಿ ಬೆಳ್ಳಗಿದ್ದು ಅವಕೆಂಪಿನಲ್ಲಿ ಬೂದು ಬಣ್ಣದ್ದಾಗಿದ್ದರೆ ಅದು ತಗ್ಗಿನಲ್ಲಿರುವ ದಪ್ಪ ಮೋಡ, ಇಲ್ಲವೇ ಮಂಜು.

ಈ ಮೂರನೆಯ ಜೋಡಿಯೇ ಬೆಳಗಾವಿ ಭಾಗದವರನ್ನು ಹೆಚ್ಚು ಮೋಸಗೊಳಿಸುತ್ತದೆ. ಜುಲೈ ತಿಂಗಳಲ್ಲಿ ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುವಾಗ ಹುಟ್ಟುವ ಮೋಡಗಳು ಅನೇಕ ಸಲ ಹೆಚ್ಚು ಎತ್ತರಕ್ಕೆ ಬೆಳೆಯದೆಯೇ ಮಳೆ ಸುರಿಸುತ್ತವೆ. ಚೋರ್ಲಾ ಘಟ್ಟದಲ್ಲಿ ದಿನವಿಡೀ ಧಾರಾಕಾರ ಮಳೆ ಹೊಯ್ಯುತ್ತಿದ್ದರೂ ಅವಕೆಂಪು ಚಿತ್ರದಲ್ಲಿ ಅಲ್ಲಿ ನಿರುಪದ್ರವಿಯಾದ ಬೂದು ಪಟ್ಟಿಯೊಂದು ಕಾಣಬಹುದು. ವಿಜಯಪುರದ ಮೇ ತಿಂಗಳ ಸಂಜೆಯ ಕಥೆ ಇದಕ್ಕೆ ತದ್ವಿರುದ್ಧ: ನಕಾಶೆಯಲ್ಲಿ ಅರ್ಧ ಜಿಲ್ಲೆ ಕೆಂಪಾಗಿರುತ್ತದೆ, ಮಳೆ ಮಾತ್ರ ನಾಲ್ಕಾರು ಊರುಗಳಿಗೆ ಬಿದ್ದಿರುತ್ತದೆ. ಗುಡುಗು ಮೋಡದ ನೆತ್ತಿ ಮೇಲಕ್ಕೆ ಹೋಗಿ ಅಗಲವಾಗಿ ಹರಡಿಕೊಳ್ಳುತ್ತದೆ. ಮಳೆ ಸುರಿಯುವುದು ಅದರ ಕೆಳಗಿನ ಸಣ್ಣ ಭಾಗದಲ್ಲಿ. ಆದ್ದರಿಂದ ಬೇಸಿಗೆಯ ಗುಡುಗು ಮೋಡ ಎಲ್ಲಿದೆ ಎಂದು ತಿಳಿಯಲು ಅವಕೆಂಪು ಚಿತ್ರವನ್ನು ನೆಚ್ಚಬಹುದು, ಘಟ್ಟದ ಮುಂಗಾರು ಮಳೆಗೆ ಅದೊಂದನ್ನೇ ನೆಚ್ಚಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೀರಾವಿಯ ಚಿತ್ರ ಎಂಬ ಇನ್ನೊಂದು ಬಗೆಯೂ ಅದೇ ತಾಣದಲ್ಲಿದೆ. ನೋಡಲು ಅದು ಎಲ್ಲಕ್ಕಿಂತ ಸೊಗಸು; ಆದರೆ ವಾತಾವರಣದ ಮಧ್ಯ ಮತ್ತು ಮೇಲಿನ ಪದರಗಳ ತೇವವನ್ನಷ್ಟೇ ತೋರಿಸುವುದರಿಂದ ದಿನನಿತ್ಯದ ಬಳಕೆಗೆ ಹೆಚ್ಚು ಒದಗುವುದಿಲ್ಲ.

ಹಂತ 3: ಚಿತ್ರಗಳನ್ನು ಓಡಿಸಿ ನೋಡಿ

ನಿಂತ ಚಿತ್ರಕ್ಕಿಂತ ಕಳೆದ ಆರು ತಾಸಿನ ಚಿತ್ರಗಳನ್ನು ಸಾಲಾಗಿ ಓಡಿಸಿದಾಗ ಹೆಚ್ಚಿನದು ತಿಳಿಯುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಹೀಗೆ ಓಡಿಸಿದರೆ ಒಂದು ವಿಚಿತ್ರ ಕಾಣುತ್ತದೆ: ತಗ್ಗಿನ ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿದ್ದರೆ, ಗುಡುಗು ಮೋಡಗಳ ನೆತ್ತಿಯ ತೆಳುಪದರಗಳು ಪೂರ್ವದಿಂದ ಪಶ್ಚಿಮಕ್ಕೆ ಎಳೆದುಕೊಂಡು ಹೋಗುತ್ತಿರುತ್ತವೆ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿಯೂ, ಸುಮಾರು 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ ರಭಸದ ಪೂರ್ವದ ಗಾಳಿಯೂ ಬೀಸುವುದೇ ಇದಕ್ಕೆ ಕಾರಣ. ಬಿಳಿ ಪದರ ಸಾಗುವ ದಿಕ್ಕನ್ನೇ ಮಳೆ ಬರುವ ದಿಕ್ಕೆಂದು ತಿಳಿಯಬಾರದು. ಮೋಡ ಹೊಸದಾಗಿ ಎಲ್ಲಿ ಹುಟ್ಟುತ್ತಿದೆ, ಅದರ ಅತಿ ತಣ್ಣನೆಯ ಭಾಗ ಎತ್ತ ಸರಿಯುತ್ತಿದೆ ಎಂಬುದನ್ನು ಗಮನಿಸಬೇಕು.

ಹಂತ 4: ರಾಡಾರ್ ಎಷ್ಟು ಎತ್ತರವನ್ನು ನೋಡುತ್ತಿದೆ ಎಂದು ಲೆಕ್ಕ ಹಾಕಿ

ಡಾಪ್ಲರ್ ರಾಡಾರ್ ಹೊರಸೂಸಿದ ಅಲೆಗಳು ಮಳೆಹನಿಗೆ ತಾಗಿ ಮರಳುತ್ತವೆ. ಮರಳಿದ ಅಲೆಯ ಬಲವನ್ನು ಡಿಬಿಝಡ್ ಎಂಬ ಮಾನದಲ್ಲಿ ಬಣ್ಣವಾಗಿಸುತ್ತಾರೆ. ಸ್ಥೂಲವಾಗಿ ಹೇಳುವುದಾದರೆ 20ರ ಆಸುಪಾಸು ತುಂತುರು, 30ರಿಂದ 40 ಸಾಧಾರಣ ಮಳೆ, 45 ದಾಟಿದರೆ ಬಿರುಸಿನ ಮಳೆ, 55ಕ್ಕಿಂತ ಮೇಲೆ ಆಲಿಕಲ್ಲಿನ ಸಾಧ್ಯತೆಯೂ ಇರುತ್ತದೆ.

ಹವಾಮಾನ ಇಲಾಖೆಯ ಗೋವಾ ರಾಡಾರಿನ ಚಿತ್ರವನ್ನು ನಮ್ಮ ಭಾಗದವರು ನೋಡಬಹುದು. ಆದರೆ ರಾಡಾರಿನ ಕಿರಣ ನೇರವಾಗಿ ಸಾಗುತ್ತದೆ, ಭೂಮಿ ಕೆಳಗೆ ಬಾಗುತ್ತದೆ. ಕಿರಣವನ್ನು ಅರ್ಧ ಡಿಗ್ರಿ ಮೇಲಕ್ಕೆ ಎತ್ತಿ ಬಿಟ್ಟರೆ ಪಣಜಿಯಿಂದ ಸುಮಾರು 80 ಕಿಲೋಮೀಟರ್ ದೂರದ ಬೆಳಗಾವಿಯ ಮೇಲೆ ಅದು ಸಮುದ್ರಮಟ್ಟದಿಂದ ಒಂದು ಕಿಲೋಮೀಟರಿಗಿಂತ ತುಸು ಎತ್ತರದಲ್ಲಿ ಹಾಯುತ್ತದೆ. 210 ಕಿಲೋಮೀಟರ್ ದಾಟಿದ ಬಾಗಲಕೋಟೆಯ ಮೇಲೆ ನಾಲ್ಕೂವರೆ ಕಿಲೋಮೀಟರ್, 250 ಕಿಲೋಮೀಟರ್ ದೂರದ ವಿಜಯಪುರದ ಮೇಲೆ ಆರು ಕಿಲೋಮೀಟರಿನಷ್ಟು ಎತ್ತರಕ್ಕೆ ಹೋಗಿರುತ್ತದೆ. ಅಂದರೆ ವಿಜಯಪುರದ ಮೇಲೆ ನೆತ್ತಿಯೆತ್ತಿ ನಿಂತ ಬೇಸಿಗೆಯ ಗುಡುಗು ಮೋಡ ಈ ರಾಡಾರಿಗೆ ಕಂಡೀತು, ಶ್ರಾವಣದ ಜಿಟಿಜಿಟಿ ಮಳೆ ಕಾಣುವುದಿಲ್ಲ. ರಾಡಾರ್ ಚಿತ್ರ ಖಾಲಿ ಇದೆ ಎಂದು ಇಂಡಿ, ಸಿಂದಗಿಯವರು ರಾಶಿಯನ್ನು ಬಯಲಿನಲ್ಲಿ ಬಿಡುವುದು ಸರಿಯಲ್ಲ. ಮಧ್ಯೆ ಸಹ್ಯಾದ್ರಿಯ ಸಾಲೂ ಅಡ್ಡ ಇರುವುದರಿಂದ ಕೆಲವು ಕಡೆ ಕಿರಣವೇ ತಡೆದು ನಿಲ್ಲುತ್ತದೆ. ಗಂಟೆಗಟ್ಟಲೆ ಅಲುಗಾಡದೆ ಒಂದೇ ಜಾಗದಲ್ಲಿ ನಿಂತ ಚುಕ್ಕೆಗಳು ಕಂಡರೆ ಅವು ಬಹುಮಟ್ಟಿಗೆ ಗುಡ್ಡಗಳೇ ಹೊರತು ಮಳೆಯಲ್ಲ.

ಗುಡುಗು ಮಳೆ ನಿಮ್ಮ ಊರಿಗೆ ಯಾವಾಗ ತಲುಪೀತು ಎಂದು ತಿಳಿಯಲು ಅರ್ಧ ಗಂಟೆಯ ಅಂತರದ ಎರಡು ಚಿತ್ರಗಳು ಸಾಕು. ಜಮಖಂಡಿಯ ಮೇಲಿರುವ ಮೋಡ ಅರ್ಧ ಗಂಟೆಯಲ್ಲಿ ಈಶಾನ್ಯಕ್ಕೆ 15 ಕಿಲೋಮೀಟರ್ ಸರಿದಿದೆ ಎಂದಿಟ್ಟುಕೊಳ್ಳಿ. ತಾಸಿಗೆ 30 ಕಿಲೋಮೀಟರ್ ವೇಗವಾಯಿತು. ಜಮಖಂಡಿಯಿಂದ ವಿಜಯಪುರಕ್ಕೆ ನೇರ ದೂರ 58 ಕಿಲೋಮೀಟರಿನಷ್ಟು, ಆದ್ದರಿಂದ ಎರಡು ತಾಸು ಹಿಡಿಯಬೇಕು. ಲೆಕ್ಕವೇನೋ ಸರಿ, ಮೋಡ ಮಾತ್ರ ಲೆಕ್ಕಕ್ಕೆ ಕಟ್ಟುಬೀಳುವುದಿಲ್ಲ: ಮಳೆಯೊಂದಿಗೆ ಕೆಳಗಿಳಿದ ತಂಪು ಗಾಳಿ ಮುಂದೆ ನುಗ್ಗಿ ಬಬಲೇಶ್ವರದ ಕಡೆ ಹೊಸ ಮೋಡವನ್ನೇ ಎಬ್ಬಿಸಬಹುದು, ಹಳೆಯದು ದಾರಿಯಲ್ಲಿಯೇ ಕರಗಬಹುದು. ಒಂದು ತಾಸಿಗಿಂತ ಮುಂದಿನದಕ್ಕೆ ಈ ಲೆಕ್ಕವನ್ನು ನಂಬದಿರುವುದು ಒಳ್ಳೆಯದು. ಸಿಡಿಲಿನ ಬಗ್ಗೆ ತಿಳಿಯಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಇದೆ. ನಿಮ್ಮ ಸುತ್ತ ಈಗಷ್ಟೇ ಬಿದ್ದ ಸಿಡಿಲುಗಳನ್ನು ಅದು ನಕಾಶೆಯ ಮೇಲೆ ತೋರಿಸುತ್ತದೆ. ಹತ್ತಿರದಲ್ಲಿ ಚುಕ್ಕೆ ಮೂಡಿದರೆ ಹೊಲ ಬಿಟ್ಟು ಗಟ್ಟಿ ಕಟ್ಟಡದೊಳಗೆ ಬರಬೇಕು, ಮರದ ಬುಡಕ್ಕೆ ಹೋಗಬಾರದು.

ಹಂತ 5: ಮುನ್ಸೂಚನೆಯ ನಕಾಶೆಯನ್ನು ಅಂದಾಜೆಂದೇ ಓದಿ

ವಿಂಡಿ ಎಂಬ ಹವಾಮಾನ ಜಾಲತಾಣದಲ್ಲಿ ಗಾಳಿ ಎಳೆಎಳೆಯಾಗಿ ಹರಿಯುವುದನ್ನು ನೋಡುತ್ತಾ ಕುಳಿತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಆದರೆ ಅದು ಯಾರೂ ತೆಗೆದ ಚಿತ್ರವಲ್ಲ, ಕಂಪ್ಯೂಟರ್ ಮಾದರಿಯೊಂದು ಗುಣಿಸಿ ಕೊಟ್ಟ ಅಂದಾಜು. ಯುರೋಪಿನ ಇಸಿಎಮ್‌ಡಬ್ಲ್ಯುಎಫ್ ಮಾದರಿ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಮಾಡುತ್ತದೆ. ಅಮೆರಿಕದ ಜಿಎಫ್ಎಸ್ ಮಾದರಿಯ ಚೌಕಗಳು ಇನ್ನೂ ದೊಡ್ಡವು. ಒಂದು ಓಣಿಗೆ ಬಿದ್ದು ಇನ್ನೊಂದನ್ನು ಬಿಡುವ ಮಳೆಯನ್ನು ಈ ಚೌಕಗಳು ಹಿಡಿಯಲಾರವು. ಎರಡೂ ಮಾದರಿಗಳನ್ನು ಒಂದೇ ದಿನಕ್ಕೆ ಹೋಲಿಸಿ. ಎರಡೂ ಒಂದೇ ಮಾತು ಹೇಳಿದರೆ ಭರವಸೆ ಇಡಬಹುದು, ಒಂದು 60 ಮಿಲಿಮೀಟರ್ ಎಂದು ಇನ್ನೊಂದು 5 ಎಂದರೆ ಅನಿಶ್ಚಿತತೆಯೇ ಅಂದಿನ ಮುನ್ಸೂಚನೆ.

ಟಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಶೆಡ್ಡಿನವರಿಗೆ ಇದು ಹೇಗೆ ಉಪಯೋಗಕ್ಕೆ ಬರುತ್ತದೆ ನೋಡೋಣ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿದ ಗೊನೆಗಳು ಶೆಡ್ಡಿನ ಬಲೆಗಳ ಮೇಲೆ ಹದಿನೈದು–ಇಪ್ಪತ್ತು ದಿನ ಒಣಗಬೇಕು. ಮಳೆಯ ಹನಿ ಬೀಳದಿದ್ದರೂ ಗಾಳಿ ತೇವವಾದರೆ ಸಾಕು, ಒಣಗುವುದು ನಿಧಾನವಾಗಿ ಬಣ್ಣ ಕೆಡುತ್ತದೆ, ಬೂಸ್ಟು ಹಿಡಿಯುತ್ತದೆ. ಇಂಥವರು ಮಳೆಯ ನಕಾಶೆಗಿಂತ ಮೊದಲು ಇಬ್ಬನಿ ಬಿಂದುವಿನ (ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟುತ್ತದೆ ಎಂಬ ಉಷ್ಣಾಂಶದ) ನಕಾಶೆಯನ್ನು ತೆರೆಯಬೇಕು. ಸಾಪೇಕ್ಷ ಆರ್ದ್ರತೆ, ಎಂದರೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆ ಎಂಬ ಅಳತೆ, ಬೆಳಿಗ್ಗೆ ಏರಿ ಮಧ್ಯಾಹ್ನ ಇಳಿಯುವುದರಿಂದ ಗೊಂದಲ ಉಂಟುಮಾಡುತ್ತದೆ; ಇಬ್ಬನಿ ಬಿಂದುವಾದರೋ ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಾವಿ ಇದೆ ಎಂಬುದನ್ನು ಹೇಳುತ್ತದೆ. ಕೆಲವು ದಿನಗಳಿಂದ 12 ಡಿಗ್ರಿಯ ಸುತ್ತ ಇದ್ದದ್ದು 18, 19ಕ್ಕೆ ಏರುತ್ತಿದ್ದರೆ ಕಡಲಿನ ಗಾಳಿ ಒಳನಾಡಿಗೆ ಬಂತೆಂದು ತಿಳಿಯಬೇಕು. ಆಮೇಲೆ 850 ಹೆಕ್ಟೊಪಾಸ್ಕಲ್ ಮಟ್ಟದ, ಎಂದರೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಯನ್ನು ನೋಡಿ. ವಾಯವ್ಯದ ಒಣಗಾಳಿಯೂ ಆಗ್ನೇಯದ ತೇವದ ಗಾಳಿಯೂ ಎದುರಾಗುವ ಗೆರೆಯೊಂದು ಮಹಾರಾಷ್ಟ್ರದಿಂದ ನಮ್ಮ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚಿಕೊಂಡಿದ್ದರೆ ಅಕಾಲಿಕ ಮಳೆಗೆ ಹದ ಸಿದ್ಧವಾದಂತೆಯೇ. ತೇವ, ಗೆರೆ ಎರಡೂ ಕೂಡಿ ಬಂದ ದಿನ ಹೊಸ ಮಾಲು ಅದ್ದುವುದನ್ನು ಮುಂದೂಡಿ, ಶೆಡ್ಡಿನ ಬದಿಯ ಪರದೆಗಳನ್ನು ಸಜ್ಜಾಗಿಡುವುದು ವಿವೇಕ.

ಹಂತ 6: ನೆಲದ ಮೇಲಿನ ಲೆಕ್ಕದೊಂದಿಗೆ ತಾಳೆ ನೋಡಿ

ಕರ್ನಾಟಕದವರಿಗೆ ಒಂದು ಅನುಕೂಲವಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭಗೊಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ನಿಲ್ಲಿಸಿದೆ. ಅದು ಪ್ರಕಟಿಸುವ ನಕಾಶೆಯಲ್ಲಿ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಇಂದು 8.30ರವರೆಗಿನ ಮಳೆ ಇರುತ್ತದೆ; ಮಂಗಳವಾರ ಸಂಜೆ ಬಿದ್ದದ್ದು ಬುಧವಾರದ ಲೆಕ್ಕದಲ್ಲಿ ಬರುತ್ತದೆ. ಒಂದು ದಿನದಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ ಮಳೆ ಎಂದು ಇಲಾಖೆ ಹೆಸರಿಸುತ್ತದೆ.

ಜಿಲ್ಲಾವಾರು ಕೊರತೆ–ಹೆಚ್ಚಳದ ನಕಾಶೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ವಾಡಿಕೆಗಿಂತ ಶೇ 19ರಷ್ಟು ಆಚೀಚೆ ಇದ್ದರೆ ಸಾಮಾನ್ಯ, ಶೇ 20ರಿಂದ 59 ಕಡಿಮೆಯಾದರೆ ಕೊರತೆ, ಕೊರತೆ ಶೇ 60 ಮುಟ್ಟಿದರೆ ಅಥವಾ ಮೀರಿದರೆ ತೀವ್ರ ಕೊರತೆ. ವಾರದ ವಾಡಿಕೆಯೇ 5 ಮಿಲಿಮೀಟರ್ ಇದ್ದು 10 ಮಿಲಿಮೀಟರ್ ಬಿದ್ದರೆ ನಕಾಶೆ ಶೇ 100 ಹೆಚ್ಚಳ ಎಂದು ಗಾಢ ನೀಲಿ ಬಳಿಯುತ್ತದೆ, ಎರೆಹೊಲದ ಬಿರುಕು ಮಾತ್ರ ಮುಚ್ಚಿರುವುದಿಲ್ಲ. ಬೆಳಗಾವಿ ಜಿಲ್ಲೆಯ ಪಾಲಿಗೆ ಇದು ಇನ್ನೂ ತೊಡಕಿನ ವಿಷಯ: ಖಾನಾಪುರದ ಕಾಡನ್ನೂ ಅಥಣಿ, ರಾಮದುರ್ಗದ ಬಯಲನ್ನೂ ಸೇರಿಸಿ ಒಂದೇ ಬಣ್ಣ ಹಚ್ಚಿದಾಗ ಆ ಬಣ್ಣ ಎರಡೂ ಕಡೆಯವರಿಗೆ ಸಲ್ಲುವುದಿಲ್ಲ. ಜಿಲ್ಲೆಯ ನಕಾಶೆಯನ್ನು ಬಿಟ್ಟು ಹೋಬಳಿಯ ನಕಾಶೆಗೆ ಇಳಿಯಿರಿ.

ಹಂತ 7: ಹೊಳೆಗೆ ಬರುವ ನೀರನ್ನು ಮೇಲ್ದಂಡೆಯಲ್ಲಿ ಹುಡುಕಿ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಪ್ರವಾಹವನ್ನೂ 2019ರ ಆಗಸ್ಟ್ ಪ್ರವಾಹವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ಹಂತದ ಅಗತ್ಯ ತಿಳಿಯುತ್ತದೆ. 2009ರಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ ವಿಜಯಪುರ, ಬಾಗಲಕೋಟೆಯ ಒಣನೆಲದ ಮೇಲೆಯೇ ಮಳೆ ಸುರಿಸಿತು. ಆಗ ನೋಡಬೇಕಿದ್ದುದು ಪೂರ್ವದ ಮೋಡಗಳನ್ನು. 2019ರಲ್ಲಿ ನೀರು ಮುಖ್ಯವಾಗಿ ಬಂದದ್ದು ಸಹ್ಯಾದ್ರಿಯಿಂದ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೆ ನುಗ್ಗಿತಲ್ಲ, ಆ ಹೊಳೆ ಹುಟ್ಟುವುದು ಕಣಕುಂಬಿಯಲ್ಲಿ. ಬಾದಾಮಿಯ ಆಕಾಶ ನೋಡಿ ಹೊಳೆಯ ಮಟ್ಟವನ್ನು ಊಹಿಸಲು ಬರುವುದಿಲ್ಲ.

ಆದ್ದರಿಂದ ಕೃಷ್ಣೆಯ ದಂಡೆಯವರು ಮಹಾಬಳೇಶ್ವರ, ಕೊಯ್ನಾ, ಕೊಲ್ಹಾಪುರದ ಮೇಲಿನ ಮಳೆಯನ್ನೂ, ಘಟಪ್ರಭೆಯವರು ಹಿಡಕಲ್ ಅಣೆಕಟ್ಟೆಯ ಮೇಲ್ಭಾಗವನ್ನೂ, ಮಲಪ್ರಭೆಯವರು ಖಾನಾಪುರದ ಮಳೆಯನ್ನೂ ನವಿಲುತೀರ್ಥ ಅಣೆಕಟ್ಟೆಯ ಹೊರಹರಿವನ್ನೂ ದಿನವೂ ಗಮನಿಸಬೇಕು. ಆಲಮಟ್ಟಿಯ ಮಟ್ಟ 519.60 ಮೀಟರ್ ಮುಟ್ಟಿದರೆ ಜಲಾಶಯ ತುಂಬಿದಂತೆ. ಆಮೇಲೆ ಒಳಹರಿವಿನಷ್ಟೇ ಹೊರಹರಿವು ಬಿಡಬೇಕಾಗುತ್ತದೆ.

ನೆರೆ ಬಂದಾಗ ಸಾಮಾನ್ಯ ಉಪಗ್ರಹಕ್ಕೆ ಮೋಡವೇ ಅಡ್ಡ. ಯುರೋಪಿನ ಸೆಂಟಿನೆಲ್-1 ಉಪಗ್ರಹದಲ್ಲಿ ಇರುವುದು ರಾಡಾರ್, ಅದು ಮೋಡ ತೂರಿ ರಾತ್ರಿಯೂ ನೆಲವನ್ನು ನೋಡಬಲ್ಲದು. ಅದರ ಚಿತ್ರಗಳು ಸಿಗುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಬೇಸಿಗೆಯ ಒಂದು ಚಿತ್ರವನ್ನೂ ನೆರೆಯ ದಿನದ ಒಂದನ್ನೂ ತೆರೆದು ಜೋಡಿಸಿ. ನಯವಾದ ನೀರಿನ ಮೈ ಅಲೆಯನ್ನು ಬೇರೆ ಕಡೆಗೆ ಚಿಮ್ಮಿಸುವುದರಿಂದ ನೀರು ಕಪ್ಪಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಬೂದು ಬಣ್ಣದ್ದಾಗಿದ್ದು ಎರಡನೆಯದರಲ್ಲಿ ಕಪ್ಪಾದ ಜಾಗವೇ ಮುಳುಗಡೆ. ಎತ್ತರದ ಕಬ್ಬಿನೊಳಗೆ ನಿಂತ ನೀರು ಮಾತ್ರ ಹೀಗೆ ಸ್ಪಷ್ಟವಾಗಿ ಕಾಣದು. ಪರಿಹಾರದ ಅರ್ಜಿಗೆ ಈ ಚಿತ್ರ ಜೋಡಿಸುವವರು ಅದನ್ನು ನೆನಪಿನಲ್ಲಿಡಬೇಕು.

ಹಂತ 8: ದಿನದ ಹವೆಯಿಂದ ದಶಕಗಳ ಹವಾಗುಣಕ್ಕೆ

ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಹವಾಗುಣ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಜನಪ್ರಿಯಗೊಳಿಸಿದ ಹವಾಗುಣದ ಪಟ್ಟೆಗಳಲ್ಲಿ ಅಂಕಿಯಿಲ್ಲ, ಅಕ್ಷರವಿಲ್ಲ. ಒಂದು ಪಟ್ಟೆ ಒಂದು ವರ್ಷ. ಸರಾಸರಿಗಿಂತ ತಂಪಾದದ್ದು ನೀಲಿ, ಬಿಸಿಯಾದದ್ದು ಕೆಂಪು. ಉಷ್ಣಾಂಶಕ್ಕೆ ಇದಕ್ಕಿಂತ ಚೊಕ್ಕ ಚಿತ್ರ ಇನ್ನೊಂದಿಲ್ಲ ಎನ್ನಬಹುದು. ಆದರೆ ನಮ್ಮ ಭಾಗದ ಮಳೆಯನ್ನು ಇದೇ ಬಗೆಯಲ್ಲಿ ಬರೆದರೆ ಬರವೂ ಅತಿವೃಷ್ಟಿಯೂ ಬೆರೆತು ಬರುವುದರಿಂದ ಕಣ್ಣಿಗೆ ಯಾವ ಒಲವೂ ಹತ್ತುವುದಿಲ್ಲ. ಮಳೆಗೆ ಅಂಕಿಯಿರುವ ಕಂಬನಕ್ಷೆಯೇ ಸೂಕ್ತ.

ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ 2000ನೇ ಇಸವಿಯಿಂದ ಈಚಿನ ಚಿತ್ರಗಳಿವೆ. ಎರಡು ವರ್ಷಗಳ ಡಿಸೆಂಬರ್ ತಿಂಗಳನ್ನು ಹೋಲಿಸಿ, ಜೂನ್ ತಿಂಗಳನ್ನಲ್ಲ: ವಿಜಯಪುರದ ಎರೆಭೂಮಿ ಹಸಿರಾಗುವುದು ಹಿಂಗಾರಿನ ಬಿಳಿಜೋಳ, ಕಡಲೆ ಎದ್ದುನಿಂತಾಗ. ಮುಂಗಾರಿನ ಆರಂಭದ ಕಂದು ಬಣ್ಣವನ್ನು ಬರವೆಂದು ಓದಿದರೆ ಪ್ರತಿ ವರ್ಷವೂ ಬರವೇ.

ಸಮುದ್ರದ ಉಷ್ಣಾಂಶದ ನಕಾಶೆಯಲ್ಲಿ ಪೆಸಿಫಿಕ್ ಸಾಗರದ ಸಮಭಾಜಕದ ನಡುಭಾಗ ಸರಾಸರಿಗಿಂತ ಅರ್ಧ ಡಿಗ್ರಿ ಅಥವಾ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ನಿಂತರೆ ಎಲ್ ನಿನೊ ಎನ್ನುತ್ತಾರೆ. 2023ರಲ್ಲಿ ಎಲ್ ನಿನೊ ಇತ್ತು, ಕರ್ನಾಟಕದಲ್ಲಿ ಬರವೂ ಬಂತು. 1997ರಲ್ಲಿ ಅದಕ್ಕಿಂತ ಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ಸಾಮಾನ್ಯವಾಗಿಯೇ ಇತ್ತು. ಆದ್ದರಿಂದ ಈ ನಕಾಶೆಯೊಂದನ್ನೇ ನೋಡಿ ಬೀಜ ಬದಲಿಸಬೇಡಿ.

ಏಪ್ರಿಲ್‌ನಲ್ಲಿ ಮತ್ತು ಮೇ ಕೊನೆಯಲ್ಲಿ ಹವಾಮಾನ ಇಲಾಖೆ ಪ್ರಕಟಿಸುವ ಋತುಮಾನದ ನಕಾಶೆಯನ್ನು ನೋಡುವಾಗ ಎರಡು ಸಂಗತಿ ಗಮನಿಸಿ. ದೇಶದ ಮುಂಗಾರು ಮಳೆ ದೀರ್ಘಾವಧಿ ಸರಾಸರಿಯಾದ 87 ಸೆಂಟಿಮೀಟರಿನ ಶೇ 96ರಿಂದ 104ರಷ್ಟಾದರೆ ಅದನ್ನು ಸಾಮಾನ್ಯ ಎನ್ನುತ್ತಾರೆ. ಆ ಮಾತು ಇಡೀ ದೇಶಕ್ಕೆ, ಮುದ್ದೇಬಿಹಾಳಕ್ಕಲ್ಲ. ಇನ್ನು ನಕಾಶೆಯಲ್ಲಿ ಬಣ್ಣವಿಲ್ಲದೆ ಬಿಳಿಯಾಗಿ ಬಿಟ್ಟ ಜಾಗವನ್ನು ಅನೇಕರು ಸಾಮಾನ್ಯ ಮಳೆ ಎಂದು ಓದುತ್ತಾರೆ. ಕಡಿಮೆ, ಸಾಮಾನ್ಯ, ಹೆಚ್ಚು ಎಂಬ ಮೂರೂ ಅಲ್ಲಿ ಸಮಸಮವಾಗಿ ಸಾಧ್ಯ, ಮಾದರಿ ಯಾವ ಕಡೆಗೂ ವಾಲಿಲ್ಲ ಎಂಬುದು ಅದರ ಅರ್ಥ. ನಿಮ್ಮ ತಾಲ್ಲೂಕು ಬಿಳಿ ಜಾಗದಲ್ಲಿದ್ದರೆ ತೊಗರಿ ಎಷ್ಟು, ಹೆಸರು ಎಷ್ಟು ಎಂಬ ತೀರ್ಮಾನವನ್ನು ಮಿರಗ ಮಳೆಯ ಹೊತ್ತಿಗೆ ಬರುವ ವಾರದ ಮುನ್ಸೂಚನೆ ಮತ್ತು ಹೋಬಳಿಯ ಮಳೆ ಲೆಕ್ಕದ ಮೇಲೆ ಮಾಡಿ.